ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದಾ? ತಡೆಯೋದು ಹೇಗೆ?

ಕರಗುತ್ತದೆ, ಆದರೆ ಬಹುಮಟ್ಟಿಗೆ ತಡೆಯಬಹುದು. ದಿನಕ್ಕೆ 300ರಿಂದ 500 ಕ್ಯಾಲೊರಿ ಮಾತ್ರ ಕಡಿಮೆ ಮಾಡಿ, ಪ್ರೋಟೀನ್ ಹೆಚ್ಚಿಸಿ, ವಾರಕ್ಕೆ ಎರಡು ಮೂರು ದಿನ ಭಾರದ ವ್ಯಾಯಾಮ ಮಾಡಿ. ಬರೀ ವಾಕಿಂಗ್ ಸಾಲದು.

ಸ್ನಾಯು ದಿನವೂ ಸ್ವಲ್ಪ ಕಳಚುತ್ತದೆ, ಸ್ವಲ್ಪ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಊಟ ಕಡಿಮೆಯಾದಾಗ ಕಟ್ಟುವ ಕೆಲಸ ನಿಧಾನವಾಗುತ್ತದೆ. ಭಾರ ಎತ್ತಿದರೆ ಆ ಸ್ನಾಯು ಬೇಕೆಂಬ ಸೂಚನೆ ದೇಹಕ್ಕೆ ಸಿಗುತ್ತದೆ, ಕಟ್ಟಲು ಸಾಮಾನು ಪ್ರೋಟೀನ್ ಕೊಡುತ್ತದೆ. ಆಗ ಶಕ್ತಿಯ ಕೊರತೆ ಹೆಚ್ಚಾಗಿ ಕೊಬ್ಬಿನಿಂದಲೇ ತುಂಬುತ್ತದೆ.

ನಮ್ಮ ಮನೆಗಳಲ್ಲಿ ಎಡವುವುದು ಪ್ರೋಟೀನ್ ವಿಷಯದಲ್ಲೇ. ತೂಕ ಇಳಿಸುವಾಗ ದೇಹದ ತೂಕದ ಕೆಜಿಗೆ ದಿನಕ್ಕೆ 1.2ರಿಂದ 1.6 ಗ್ರಾಂ ಬೇಕು. 60 ಕೆಜಿಯವರಿಗೆ 72ರಿಂದ 96 ಗ್ರಾಂ. (ಕಿಡ್ನಿ ತೊಂದರೆ ಇದ್ದವರು ಮೊದಲು ಡಾಕ್ಟರನ್ನು ಕೇಳಲೇಬೇಕು.) ಬಸ್ಸಾರು ಮುದ್ದೆಯನ್ನೇ ನೋಡಿ: ಹುರುಳಿಕಾಳು ಬೇಯಿಸಿ ಬಸಿದ ಕಟ್ಟು ಸಾರಿಗೆ ಹೋಗುತ್ತದೆ, ಕಾಳು ಪಲ್ಯಕ್ಕೆ. ಪ್ರೋಟೀನ್ ಬಹುಪಾಲು ಇರುವುದು ಆ ಪಲ್ಯದಲ್ಲಿ. ನಾವು ಅದನ್ನು ತಟ್ಟೆಯ ಅಂಚಿಗೆ ಎರಡು ಚಮಚ ಹಾಕಿಕೊಂಡು ಎರಡು ಮುದ್ದೆ ಉಣ್ಣುತ್ತೇವೆ. ಮುದ್ದೆ ಒಂದು ಸಾಕು, ಪಲ್ಯ ಬಟ್ಟಲು ತುಂಬ ಇರಲಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, 50 ಗ್ರಾಂ ಒಣ ಸೋಯಾ ಚಂಕ್ಸ್‌ನಲ್ಲಿ 25 ಗ್ರಾಂ ಸಿಗುತ್ತದೆ.

ಜಿಮ್ಮೇ ಬೇಕೆಂದಿಲ್ಲ. ಬಸ್ಕಿ, ದಂಡ, ಹೆಗಲ ಬ್ಯಾಗಿಗೆ ಐದು ಕೆಜಿ ಅಕ್ಕಿ ತುಂಬಿ ಬಸ್ಕಿ. ಯಾವುದಾದರೂ ಸರಿ, ಕೊನೆಯ ಎರಡು ಮೂರು ಸಲ ಏಳುವಾಗ ನಿಜಕ್ಕೂ ಕಷ್ಟವಾಗಬೇಕು. ಸುಲಭ ಅನಿಸಿದ ದಿನ ಭಾರ ಹೆಚ್ಚಿಸಿ.