ಸಂಪಾದಕರ ಉತ್ತರ: ಏಳು ಗುಂಪು ಕುರಿಗಾಹಿಗೆ ಯಾಕೆ?

ವೈರಸ್‌ಗಳನ್ನು ಏಳು ಗುಂಪಾಗಿ ವಿಂಗಡಿಸುವ ಬಾಲ್ಟಿಮೋರ್ ಪದ್ಧತಿ ಕುರಿತ ಕಳೆದ ಸಂಚಿಕೆಯ ಲೇಖನ ಓದಿ ಚಳ್ಳಕೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ‘ಕುರಿಗೆ ಬಂದದ್ದು ನೀಲಿ ನಾಲಿಗೆಯೋ ಸಿಡುಬೋ ಗೊತ್ತಾದರೆ ಸಾಕು. ಬಾಲ್ಟಿಮೋರನ ಏಳು ಗುಂಪು ಕಟ್ಟಿಕೊಂಡು ಕುರಿಗಾಹಿಗೆ ಆಗಬೇಕಾದ್ದೇನು?’

ಮೇಷ್ಟ್ರೇ, ಹಟ್ಟಿಯಲ್ಲಿ ಕುರಿ ನರಳುವಾಗ ರೋಗದ ಹೆಸರೇ ಮುಖ್ಯ, ಒಪ್ಪಿದೆ. ಲಸಿಕೆ ಹಾಕುವುದೂ ಆ ಹೆಸರು ಹಿಡಿದೇ. ಆದರೆ ನಿಮ್ಮಂಥ ಓದುಬಲ್ಲವರು ಅಲ್ಲಿಗೇ ನಿಂತರೆ ಹೇಗೆ?

ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮ್‌ಗೆ ಓದಲು ಬರುವುದು ಎಂಆರ್‌ಎನ್‌ಎ (ಪ್ರೋಟೀನಿನ ಸೂಚನೆ ಹೊತ್ತ ಆರ್‌ಎನ್‌ಎ ಎಳೆ) ಒಂದೇ. ಒಂದೊಂದು ವೈರಸ್ ಅದನ್ನು ಹೇಗೆ ಒದಗಿಸುತ್ತದೆ? 1971ರಲ್ಲಿ ಅಮೆರಿಕದ ವಿಜ್ಞಾನಿ ಡೇವಿಡ್ ಬಾಲ್ಟಿಮೋರ್ ಹಿಡಿದ ಎಳೆ ಇಷ್ಟೇ, ಒದಗಿಸುವ ಬಗೆಗೊಂದು ಗುಂಪು. ನಿಮ್ಮೂರ ಕುರಿಗಳನ್ನೇ ತಗೊಳ್ಳಿ. ಸಿಡುಬಿನ ವೈರಸ್‌ನ ವಂಶವಾಹಿ ಎರಡೆಳೆ ಡಿಎನ್‌ಎ, ಒಂದನೇ ಗುಂಪು. ನೀಲಿ ನಾಲಿಗೆಯದು ಹತ್ತು ತುಂಡಾದ ಎರಡೆಳೆ ಆರ್‌ಎನ್‌ಎ, ಮೂರನೆಯದು. ಕುರಿ-ಮೇಕೆಗಳ ಪ್ಲೇಗ್ ಎನ್ನುವ ಪಿಪಿಆರ್‌ನದು ಒಂಟಿ ಎಳೆ ಆರ್‌ಎನ್‌ಎ, ಅದೂ ಉಲ್ಟಾ (ಎಂಆರ್‌ಎನ್‌ಎಗೆ ಜೋಡಿಯಾಗುವ ಎದುರೆಳೆ), ಐದನೆಯದು. ಉಲ್ಟಾ ಎಳೆಯನ್ನು ರೈಬೋಸೋಮ್ ಓದಲಾರದು, ಅದನ್ನು ನಕಲು ತೆಗೆಯುವ ಕಿಣ್ವ ಕುರಿಯ ಜೀವಕೋಶದಲ್ಲಿಲ್ಲ. ಹಾಗಾಗಿ ಬುತ್ತಿ ಕಟ್ಟಿಕೊಂಡು ಹೊರಟ ಕುರಿಗಾಹಿಯ ಹಾಗೆ ಈ ವೈರಸ್ ಕಿಣ್ವವನ್ನು ಜೊತೆಗೇ ತರುತ್ತದೆ. ಹುಚ್ಚುನಾಯಿ ರೋಗದ್ದೂ ಇದೇ ಗುಂಪು. ನಾಲ್ಕನೇ ಗುಂಪಿನ ಪೋಲಿಯೋಗೆ ಆ ಕಷ್ಟವಿಲ್ಲ. ಅದರ ಆರ್‌ಎನ್‌ಎಯೇ ಎಂಆರ್‌ಎನ್‌ಎ. ಬರೀ ಅದನ್ನು ಕೋಶದೊಳಗೆ ಬಿಟ್ಟರೂ ಹೊಸ ವೈರಸ್‌ಗಳು ಹುಟ್ಟುತ್ತವೆ.

ಉಪಯೋಗ ಕೇಳಿದಿರಿ. ಎಚ್‌ಐವಿ ಕೆಡಿಸುವುದು ರೋಗನಿರೋಧಕ ಶಕ್ತಿಯನ್ನು, ಹೆಪಟೈಟಿಸ್ ಬಿ ಯಕೃತ್ತನ್ನು. ರೋಗಗಳ ಪಟ್ಟಿಯಲ್ಲಿ ಇವು ಅಕ್ಕಪಕ್ಕ ಕೂರುವುದೇ ಇಲ್ಲ. ಆದರೆ ಆರನೇ ಗುಂಪಿನ ಅದೂ ಏಳನೇ ಗುಂಪಿನ ಇದೂ ಆರ್‌ಎನ್‌ಎ ನೋಡಿ ಡಿಎನ್‌ಎ ಬರೆಯುತ್ತವೆ. ಅದಕ್ಕೇ ಆ ಬರವಣಿಗೆಯನ್ನು ತಡೆಯುವ ಟೆನೊಫೊವಿರ್ ಮಾತ್ರೆ ಎರಡಕ್ಕೂ ನಡೆಯುತ್ತದೆ. (ಬಾಲ್ಟಿಮೋರ್ ಮಾಡಿದ್ದು ಆರೇ ಗುಂಪು, ಏಳನೆಯದು ಆಮೇಲೆ ಸೇರಿದ್ದು.)

ನನ್ನ ಸಿಟ್ಟು ನಿಮ್ಮ ಮೇಲಲ್ಲ ಬಿಡಿ. ದಾವಣಗೆರೆಯಲ್ಲಿ ಕೋಚಿಂಗ್‌ಗೆ ಹೋಗುವ ನಮ್ಮ ಬೀದಿಯ ಹುಡುಗಿ ಏಳೂ ಗುಂಪನ್ನು ಗಡಗಡನೆ ಒಪ್ಪಿಸಿದಳು. ಹುಚ್ಚುನಾಯಿ ರೋಗದ ವೈರಸ್ ಕಿಣ್ವ ಹೊತ್ತು ತರೋದ್ಯಾಕಮ್ಮ ಎಂದರೆ, ‘ಅದು ಪರೀಕ್ಷೆಗೆ ಬರಲ್ಲ ಅಂಕಲ್’ ಅಂದಳು. ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವುದೇ ವಿಜ್ಞಾನ ಎಂದು ಮಕ್ಕಳಿಗೆ ಕಲಿಸಿದವರು ನಾವೇ ದೊಡ್ಡವರು. ಫೀಸು ಕಟ್ಟುವ ಅಪ್ಪನೂ ರ್‍ಯಾಂಕ್ ಕೇಳುತ್ತಾನೆ, ಪಾಠ ಕೇಳುವುದಿಲ್ಲ. ಜೀವಮಾನವಿಡೀ ಬೋರ್ಡಿನ ಮುಂದೆ ನಿಂತ ನೀವೂ ಆ ಕಡೆ ಸೇರಿಕೊಂಡರೆ ನಾನು ಯಾರಿಗೆ ಪತ್ರಿಕೆ ಮಾಡಲಿ?

ಲೇಖನಮಾಲೆ ನಿಲ್ಲುವುದಿಲ್ಲ. ಮುಂದಿನ ತಿಂಗಳು ಬಿಳಿನೊಣ ಹರಡುವ ಟೊಮೆಟೊ ಎಲೆ ಮುಟುರು ರೋಗ: ಒಂಟಿ ಎಳೆ ಡಿಎನ್‌ಎ, ಎರಡನೇ ಗುಂಪು. ನಿಮ್ಮ ಕಡೆಯ ಹೊಲಗಳಲ್ಲಿ ಕಂಡಿದ್ದರೆ ಬರೆಯಿರಿ, ಬೈದೇ ಬರೆಯಿರಿ.