ಗ್ರೀಕ್ ಬಾರದವರು ಗ್ರೀಕ್–ರೋಮನ್ ಸೆಮಿನಾರ್‌ಗೆ ಹೋದರೆ ಏನಾದರೂ ಸಿಗುತ್ತದಾ?

ನೀವು ಕೇಳಿದ್ದು ಇಷ್ಟು: ಧಾರವಾಡದಲ್ಲಿ ಇತಿಹಾಸ ಎಂ.ಎ. ಮುಗಿಸಿದ್ದೀರಿ, ಗ್ರೀಕ್ ಲ್ಯಾಟಿನ್ ಎರಡೂ ಬರುವುದಿಲ್ಲ, ಒಂದು ವರ್ಷದ ಮಟ್ಟಿಗೆ ಲಂಡನ್‌ಗೆ ಬರುತ್ತಿದ್ದೀರಿ. ಇಲ್ಲಿನ ಗ್ರೀಕ್–ರೋಮನ್ ಸೆಮಿನಾರ್, ವರ್ಕ್‌ಶಾಪ್‌ಗಳಿಗೆ ಹೋದರೆ ತಲೆಗೆ ಏನಾದರೂ ಹತ್ತುತ್ತದಾ, ಅಥವಾ ಸುಮ್ನೆ ಕೂತು ಎದ್ದು ಬರಬೇಕಾ?

ಹೋಗಿ. ಆದರೆ ಸಿಕ್ಕಿದ್ದಕ್ಕೆಲ್ಲ ಹೋಗಬೇಡಿ.

ನಾನು ವಿದ್ವಾಂಸಳಲ್ಲ. ಹಗಲು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಆರು ವರ್ಷದಿಂದ, ಬಿಡುವಾದ ಸಂಜೆಗಳಲ್ಲಿ ಸೆನೆಟ್ ಹೌಸ್‌ಗೆ ಹೋಗಿ ಕೂರುತ್ತೇನೆ. ಬ್ರಿಟಿಷ್ ಮ್ಯೂಸಿಯಂ ಹಿಂಭಾಗದಲ್ಲಿ ಗೋಪುರದ ಹಾಗೆ ನಿಂತಿರುವ ಬಿಳಿ ಕಟ್ಟಡ ಅದು. 1953ರಲ್ಲಿ ಶುರುವಾದ ಇನ್‌ಸ್ಟಿಟ್ಯೂಟ್ ಆಫ್ ಕ್ಲಾಸಿಕಲ್ ಸ್ಟಡೀಸ್, ಅಂದರೆ ಗ್ರೀಕ್–ರೋಮನ್ ಅಧ್ಯಯನದ ಸಂಸ್ಥೆ, ಅಲ್ಲೇ ಇದೆ. ಕಾಲೇಜಿನ ಟರ್ಮ್ ನಡೆಯುವಾಗ ಸಾಹಿತ್ಯ, ಇತಿಹಾಸ, ತತ್ವಶಾಸ್ತ್ರ ಅಂತ ಬೇರೆ ಬೇರೆ ಸೆಮಿನಾರ್‌ಗಳು ಇರುತ್ತವೆ. ನಾನು ಹೋದವುಗಳಲ್ಲಿ ಹೆಚ್ಚಿನವಕ್ಕೆ ದುಡ್ಡು ಕೇಳಿಲ್ಲ, ಡಿಗ್ರಿಯನ್ನಂತೂ ಯಾರೂ ಕೇಳಿಲ್ಲ.

ನಮ್ಮ ಕಡೆ ಸೆಮಿನಾರ್ ಅಂದರೆ ದೀಪ ಬೆಳಗುವುದು, ಹಾರ, ಶಾಲು, ಮಧ್ಯಾಹ್ನದ ಊಟ. ಇಲ್ಲಿ ಅದ್ಯಾವುದೂ ಇಲ್ಲ. ಹತ್ತಿಪ್ಪತ್ತು ಜನ, ಒಂದು ಉದ್ದ ಮೇಜು. ಒಬ್ಬರು ಮುಕ್ಕಾಲು ಗಂಟೆ ಪ್ರಬಂಧ ಓದುತ್ತಾರೆ, ಆಮೇಲೆ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಪ್ರಶ್ನೆ. ಓದುವುದು ಎಷ್ಟೋ ಸಲ ಇನ್ನೂ ಅರೆಬೆಂದ ಕೆಲಸ. ತಪ್ಪು ಎಲ್ಲಿದೆ ಅಂತ ಹೇಳಿಸಿಕೊಳ್ಳಲಿಕ್ಕೇ ಅವರು ಬಂದಿರುತ್ತಾರೆ. ಹಾಗಾಗಿ ಪ್ರಬಂಧಕ್ಕಿಂತ ಪ್ರಶ್ನೆಯ ಹೊತ್ತೇ ರುಚಿ ಜಾಸ್ತಿ. ‘ಇದು ಪ್ರಶ್ನೆಯಲ್ಲ, ಒಂದು ಮಾತು’ ಅಂತ ಐದು ನಿಮಿಷ ಕೊರೆಯುವ ಹಿರಿಯರು ಮಾತ್ರ ಇಲ್ಲೂ ಇದ್ದಾರೆ, ಅದಕ್ಕೆ ದೇಶಭೇದವಿಲ್ಲ.

ಶುದ್ಧ ಸಿದ್ಧಾಂತದ ಪ್ರಬಂಧಗಳು ನಿಮಗೆ ಮೊದಲು ಬೇಡ. ಅಲ್ಲಿ ಯಾರು ಯಾರಿಗೆ ಉತ್ತರ ಕೊಡುತ್ತಿದ್ದಾರೆ ಅನ್ನುವುದೇ ಗೊತ್ತಾಗುವುದಿಲ್ಲ. ಮೇಜಿನ ಮೇಲೆ ಒಂದು ಶಾಸನವೋ ಪಪೈರಸ್ಸೋ (ಜೊಂಡಿನಿಂದ ಮಾಡುತ್ತಿದ್ದ ಹಳೇ ಕಾಲದ ಕಾಗದ) ಇಟ್ಟುಕೊಂಡು ಸಾಲು ಸಾಲಾಗಿ ಓದುವ ಕಡೆ ಹೋಗಿ. ಹೋದ ಕೂಡಲೇ ಹ್ಯಾಂಡೌಟ್ ಕೈಗೆ ಬರುತ್ತದೆ, ಅಚ್ಚು ಮಾಡಿದ ನಾಲ್ಕಾರು ಹಾಳೆ. ಎಡಕ್ಕೆ ಗ್ರೀಕ್, ಬಲಕ್ಕೆ ಇಂಗ್ಲಿಷ್ ಅನುವಾದ. ಗ್ರೀಕ್ ಬಾರದಿದ್ದರೂ ಅದರಲ್ಲಿರುವ ಚಿಹ್ನೆಗಳನ್ನು ಮೊದಲು ಕಲಿಯಿರಿ, ಅರ್ಧ ದಿನದ ಕೆಲಸ. ಚೌಕ ಕಂಸ ಇದ್ದರೆ ಆ ಭಾಗ ಒಡೆದುಹೋಗಿದೆ, ಒಳಗಿರುವುದು ಸಂಪಾದಕರು ತುಂಬಿದ್ದು. ಅಕ್ಷರದ ಕೆಳಗೆ ಚುಕ್ಕಿ ಇದ್ದರೆ ಅಲ್ಲಿ ಏನೋ ಗೀಟು ಕಾಣುತ್ತದೆ, ಆದರೆ ಅದು ಅದೇ ಅಕ್ಷರ ಅಂತ ಆಣೆ ಮಾಡುವ ಹಾಗಿಲ್ಲ. ಈ ಪದ್ಧತಿಗೆ ಲೈಡನ್ ಅಂತ ಹೆಸರು. 1931ರಲ್ಲಿ ನೆದರ್‌ಲ್ಯಾಂಡ್ಸ್‌ನ ಆ ಹೆಸರಿನ ಊರಿನಲ್ಲಿ ವಿದ್ವಾಂಸರು ಸೇರಿ ಒಪ್ಪಿಕೊಂಡದ್ದು. ಚೌಕ ಕಂಸದ ಒಳಗಿನದನ್ನು ಆಧಾರ ಮಾಡಿಕೊಂಡು ಯಾರಾದರೂ ವಾದ ಕಟ್ಟಿದರೆ ಸೆಮಿನಾರ್‌ನಲ್ಲಿ ಮೊದಲ ಪ್ರಶ್ನೆ ಅದರ ಮೇಲೇ ಬೀಳುತ್ತದೆ.

ನನಗೆ ಈ ಬಿಸಿ ಮುಟ್ಟಿದ್ದು ನಮ್ಮದೇ ವಿಷಯದಲ್ಲಿ. ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಕಸದ ಗುಡ್ಡೆಗಳಲ್ಲಿ ಸಿಕ್ಕ ಪಪೈರಸ್‌ಗಳ ಬಗ್ಗೆ ನೀವು ಕೇಳಿರಬಹುದು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬಿಬ್ಬರು ವಿದ್ವಾಂಸರು 1896ರ ಕೊನೆಯಲ್ಲಿ ಅಗೆಯಲು ಶುರು ಮಾಡಿದರು. ಮಳೆ ಇಲ್ಲದ ಊರು, ಹಾಗಾಗಿ ಕಾಗದ ಕೊಳೆಯದೆ ಉಳಿದಿತ್ತು. ಅಲ್ಲಿ ಸಿಕ್ಕ 413ನೇ ಸಂಖ್ಯೆಯದು ಒಂದು ಪ್ರಹಸನ, 1903ರಲ್ಲಿ ಅಚ್ಚಾಯಿತು. ಈಗ ಅದು ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯಲ್ಲಿದೆ. ಕ್ಯಾರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಒಬ್ಬ ರಾಜನ ಕೈಗೆ ಸಿಕ್ಕಿಬಿದ್ದಿದ್ದಾಳೆ. ಬಿಡಿಸಿಕೊಂಡು ಹೋಗಲು ಬಂದ ಅವಳ ಕಡೆಯವರು ರಾಜನಿಗೂ ಅವನ ಜನಕ್ಕೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಮಲಗಿಸುತ್ತಾರೆ. ಜೊತೆಗೊಬ್ಬ ಕೋಡಂಗಿ, ಅವನ ಆಯುಧ ಹೂಸು. ತಮಾಷೆಯಲ್ಲ, ಎಲ್ಲಿ ತಮಟೆ ಬಾರಿಸಬೇಕು, ಎಲ್ಲಿ ಹೂಸು ಬಿಡಬೇಕು ಎಂದು ಪ್ರತಿಯಲ್ಲೇ ಗುರುತು ಹಾಕಿದ್ದಾರೆ.

ಆ ರಾಜ ಮತ್ತು ಅವನ ಜನ ಆಡುವುದು ಗ್ರೀಕ್ ಅಲ್ಲದ ಯಾವುದೋ ಭಾಷೆ, ಗ್ರೀಕ್ ಅಕ್ಷರದಲ್ಲಿ ಬರೆದಿದೆ. 1904ರಲ್ಲಿ ಹುಲ್ಟ್ಸ್ ಎಂಬ ಶಾಸನತಜ್ಞ ಇದು ಕನ್ನಡ ಎಂದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ನಮ್ಮ ಮೈಸೂರಿನ ಶಾಮಶಾಸ್ತ್ರಿಗಳೂ ಅದನ್ನು ಒಪ್ಪಿದರು. 1926ರಲ್ಲಿ ಬಾರ್ನೆಟ್ ಎಂಬವರು ಅಲ್ಲಗಳೆದರು. ಜಗಳ ಇನ್ನೂ ಬಗೆಹರಿದಿಲ್ಲ.

ಒಂದು ಸಂಜೆ ಆ ಪ್ರಹಸನದ ಹ್ಯಾಂಡೌಟ್ ಮೇಜಿಗೆ ಬಂತು. ನಾನೊಬ್ಬಳೇ ಕನ್ನಡದವಳು. ಎಲ್ಲರೂ ನನ್ನ ಕಡೆ ತಿರುಗಿದರು. ‘ಬೇರೆ ಕೊಂಜೆಯ್’ ಅಂತ ಯಾರೋ ಓದಿದಾಗ ಮೈ ಜುಮ್ಮೆಂದಿತು. ‘ಬೇರೆ ಕೊಂಚ’, ಅಲ್ವಾ! ಮುಂದೆ ‘ಪೆತ್ರೆಕಿಯೊ’, ಅದು ‘ಪಾತ್ರಕ್ಕೆ’. ಕುಡಿಸುವ ದೃಶ್ಯ, ಬೇರೆ ಕೊಂಚ ಮಧು (ಮದ್ಯ) ಪಾತ್ರಕ್ಕೆ ಹಾಕಿ ಅನ್ನುವ ಅರ್ಥ, ಎಲ್ಲ ಕೂಡಿಬಂತು. ನಾನು ಹೆಮ್ಮೆಯಿಂದ ಹೇಳಿಯೂಬಿಟ್ಟೆ.

ಅಧ್ಯಕ್ಷೆಯಾಗಿದ್ದ ಮೇಡಂ ನಗುತ್ತಲೇ ಮೂರು ಪ್ರಶ್ನೆ ಕೇಳಿದರು. ಆಗಿನ ಗ್ರೀಕ್ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿ ಇಲ್ಲ, ‘ಬೇರೆ’ ಅಲ್ಲಿಗೇ ಮುಗಿಯಿತು ಅಂತ ಹೇಳಿದವರು ಯಾರು? ಗ್ರೀಕಿನಲ್ಲಿ ‘ಚ’ ಇಲ್ಲ, ಬರೆದವನು ಕೇಳಿದ್ದು ‘ಚ’ ಅಂತ ಹೇಗೆ ಗೊತ್ತು? ‘ಕೊಂಚ’ ಎಂಬ ಪದ ಕನ್ನಡದಲ್ಲಿ ಎಷ್ಟು ಹಳೆಯದು?

ಮೂರನೆಯದಕ್ಕೆ ನಾನು ಬಾಯಿ ಮುಚ್ಚಿಕೊಂಡೆ. ಪಪೈರಸ್ ಎರಡನೇ ಶತಮಾನದ ಆಸುಪಾಸಿನದು. ನಮ್ಮ ಹಲ್ಮಿಡಿ ಶಾಸನ ಅದಕ್ಕಿಂತ ಸುಮಾರು 300 ವರ್ಷ ಈಚಿನದು. ನಾನು ಅಲ್ಲಿ ಕೂತು ಓದಿದ್ದು ನಮ್ಮಜ್ಜಿಯ ಕನ್ನಡದಲ್ಲಿ! ಮನೆಗೆ ಬರುವಾಗ ಟ್ಯೂಬಿನಲ್ಲಿ (ಇಲ್ಲಿನ ನೆಲದಡಿಯ ರೈಲು) ಹಾಳೆಯನ್ನು ಮತ್ತೆ ನೋಡಿದೆ. ಹಾಗೇ ಹೊಂದುವ ಪದ ಎರಡೋ ಮೂರೋ, ಉಳಿದವನ್ನು ತಿರುಚಿದರೆ ಮಾತ್ರ ಕನ್ನಡವಾಗುತ್ತವೆ. ಕನ್ನಡ ಅಲ್ಲವೇ ಅಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಊರಿನಲ್ಲಿ ಭಾಷಣಕಾರರು ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸುವಾಗ ಈಗ ನನ್ನ ಕೈ ಏಳುವುದಿಲ್ಲ.

ಇಂಥ ಕಡೆ ನಿಮಗೆ ಗ್ರೀಕ್ ಬರದಿದ್ದರೂ ಹಳಗನ್ನಡ ಬಂದರೆ ಅದೇ ದೊಡ್ಡ ಬಂಡವಾಳ. ನನಗೆ ಅದು ಬರುತ್ತಿರಲಿಲ್ಲ.

ಇನ್ನು ವರ್ಕ್‌ಶಾಪ್. ಇಲ್ಲಿ ಕೈಗೆ ಕೆಲಸ ಕೊಡುತ್ತಾರೆ. ನಾನು ಹೋದ ಒಂದರಲ್ಲಿ ಕಲ್ಲಿನ ಅಚ್ಚು ತೆಗೆಯುವುದನ್ನು ತೋರಿಸಿದರು. ಒದ್ದೆ ಮಾಡಿದ ದಪ್ಪ ಕಾಗದವನ್ನು ಕಲ್ಲಿಗೆ ಹಚ್ಚಿ, ಗಟ್ಟಿ ಕೂದಲಿನ ಬ್ರಷ್‌ನಿಂದ ಬಡಿದು, ಒಣಗಿದ ಮೇಲೆ ಬಿಡಿಸುವುದು. ನಮ್ಮ ಶಾಸನದವರ ಪಡಿಯಚ್ಚೇ ಅನ್ನಿ, ಆದರೆ ಇವರು ಮಸಿ ಹಚ್ಚುವುದಿಲ್ಲ. ಕಲ್ಲಿಗೆ ತಾಗಿದ್ದ ಮುಖದಲ್ಲಿ ಅಕ್ಷರ ಉಬ್ಬಿ ನಿಲ್ಲುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ. ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದರೆ ಸವೆದ ಗೀಟೂ ನೆರಳು ಬಿಡುತ್ತದೆ. ನೀವು ಧಾರವಾಡದಲ್ಲಿ ಮಸಿಯ ಪಡಿಯಚ್ಚು ತೆಗೆದಿದ್ದರೆ ಅಲ್ಲಿ ಹೇಳಿ, ಖಂಡಿತ ಕುತೂಹಲದಿಂದ ಕೇಳುತ್ತಾರೆ. ಎಪಿಡಾಕ್ ಅಂತ ಇನ್ನೊಂದಿದೆ, ಆ ಚುಕ್ಕಿ ಕಂಸಗಳನ್ನೆಲ್ಲ ಕಂಪ್ಯೂಟರ್‌ಗೆ ತಿಳಿಯುವಂತೆ ಎಕ್ಸ್‌ಎಂಎಲ್ ಎಂಬ ಗುರುತುಗಳ ಭಾಷೆಯಲ್ಲಿ ಬರೆಯುವ ಪದ್ಧತಿ. ಪ್ರೋಗ್ರಾಮಿಂಗ್ ಬರಬೇಕೆಂದಿಲ್ಲ, ತಾಳ್ಮೆ ಬೇಕು.

ಮೊದಲೇ ಸಂಘಟಕರಿಗೆ ನಾಲ್ಕು ಸಾಲಿನ ಮೇಲ್ ಹಾಕಿ, ಗ್ರೀಕ್ ಬರುವುದಿಲ್ಲ ಅಂತ ನೇರ ಹೇಳಿ. ಅಕ್ಷರಮಾಲೆ ಮಾತ್ರ ಒಂದು ವಾರದಲ್ಲಿ ಕಲಿತುಕೊಂಡು ಬನ್ನಿ. ಮುಗಿದ ಮೇಲೆ ವೈನ್ ಇಟ್ಟಿರುತ್ತಾರೆ, ಕುಡಿಯದಿದ್ದರೂ ಅಲ್ಲಿ ಹತ್ತು ನಿಮಿಷ ನಿಲ್ಲಿ, ಪರಿಚಯವಾಗುವುದು ಅಲ್ಲೇ. ನಾನು ಜ್ಯೂಸ್ ಹಿಡಿದುಕೊಂಡು ನಿಲ್ಲುತ್ತೇನೆ. ಮತ್ತೆ, ನಾಚಿಕೆ ಅಂತ ಹಿಂದಿನ ಕುರ್ಚಿ ಹಿಡಿಯಬೇಡಿ. ಹ್ಯಾಂಡೌಟ್ ಅಲ್ಲಿಗೆ ಬರುವಷ್ಟರಲ್ಲಿ ಖಾಲಿಯಾಗಿರುತ್ತದೆ.