ಅಜ್ಜನ ಕೇಪಿನ ಕೋವಿ ಕೆಂಪಾಗಿದೆ, ಏನ್ ಮಾಡ್ಲಿ?

ಪ್ರಶ್ನೆ: ಸರ್, ನಮ್ದು ಮಡಿಕೇರಿ ಹತ್ರ. ಅಜ್ಜನ ಕಾಲದ ಕೇಪಿನ ಕೋವೀನ (ನಳಿಗೆ ಬಾಯಿಂದ ಮದ್ದು ತುಂಬಿ, ಕೇಪು ಅನ್ನೋ ಸಿಡಿಯೋ ಪುಟ್ಟ ಟೊಪ್ಪಿ ಇಟ್ಟು ಹೊಡೆಯೋದು) ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ವಿ, ಈಗ ತೆಗೆದು ನೋಡಿದ್ರೆ ನಳಿಗೆ ಪೂರ್ತಿ ತುಕ್ಕು. ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಅಂದ್ರೆ ಕೊಡವರ ಆಯುಧ ಹಬ್ಬದ ಪೂಜೆಗೆ ಇಡ್ಬೇಕು ಅಂತ ಆಸೆ. ವಿನಿಗರ್‌ನಲ್ಲಿ ನೆನೆಸಿ ಉಪ್ಪುಕಾಗದದಲ್ಲಿ ಉಜ್ಜಿದ್ರೆ ಹೊಸದರ ಥರ ಹೊಳೆಯುತ್ತೆ ಅಂತ ನಮ್ಮಣ್ಣ ಹೇಳ್ತಿದಾನೆ, ಮಾಡಬಹುದಾ?

ಉತ್ತರ: ದಯವಿಟ್ಟು ಬೇಡ. ಅಣ್ಣನ ಕೈಗೆ ಉಪ್ಪುಕಾಗದ ಕೊಡೋಕೆ ಮುಂಚೆ ಈ ಪತ್ರ ಓದಿಸಿ.

ಎಲ್ಲಕ್ಕಿಂತ ಮೊದಲು ಕೋವಿ ಖಾಲಿ ಇದೆಯಾ ನೋಡಿ. ಹಳೇ ಕೇಪಿನ ಕೋವೀಲಿ ಮದ್ದು ಗುಂಡು ತುಂಬಿದ್ದು ಹಾಗೇ ಉಳಿದಿರೋದು ಉಂಟು, ಕರಿಮದ್ದು ಒಣಗಿದ್ರೆ ಎಷ್ಟು ವರ್ಷ ಆದ್ರೂ ಹೊತ್ಕೊಳ್ಳುತ್ತೆ. ಕೇಪು ಕೂರೋ ಜಾಗದಲ್ಲಿ ಕೇಪು ಇಲ್ಲ ಅಂತ ಖಾತ್ರಿ ಮಾಡ್ಕೊಂಡು, ನಳಿಗೆ ಬಾಯಿಗೆ ಮುಖ ಅಡ್ಡ ಇಡದೆ, ಒಂದು ತೆಳ್ಳನೆ ಬಿದಿರುಕಡ್ಡಿ ಮೆಲ್ಲಗೆ ಒಳಗೆ ಬಿಡಿ, ನಳಿಗೆ ಬಾಯಿ ಹತ್ರ ಉಗುರಲ್ಲಿ ಗುರುತು ಮಾಡಿ ಹೊರಗೆ ತೆಗೆದು ನಳಿಗೆ ಪಕ್ಕದಲ್ಲೇ ಹಿಡಿದು ನೋಡಿ. ತುದಿ ಕೇಪಿನ ಜಾಗದ ಹತ್ರಕ್ಕೆ ಬರಬೇಕು, ಎರಡು ಮೂರು ಇಂಚು ಮುಂಚೆನೇ ನಿಂತ್ರೆ ಒಳಗೆ ಏನೋ ಇದೆ ಅಂತಾನೇ ಲೆಕ್ಕ, ಕೆದಕಬೇಡಿ, ಲೈಸೆನ್ಸ್ ಇರೋ ಕೋವಿ ರಿಪೇರಿಯವರಿಗೆ ಹೇಳಿ.

ಈಗ ತುಕ್ಕಿನ ವಿಷಯ. ಹಳೇ ನಳಿಗೆಗಳ ಮೇಲಿನ ಕಂದು ಬಣ್ಣ ಎಷ್ಟೋ ಸಲ ಬೇಕಂತಲೇ ಬರಿಸಿದ್ದು, ಕೆಲಸಗಾರರು ತುಕ್ಕು ಹಿಡಿಸಿ, ಉಜ್ಜಿ, ಮತ್ತೆ ಹಿಡಿಸಿ, ಕೊನೆಗೆ ಎಣ್ಣೆ ಕೊಟ್ಟು ನಿಲ್ಲಿಸ್ತಿದ್ರು. ಅದು ಕೋವಿಯ ಚರ್ಮ ಇದ್ದ ಹಾಗೆ. ವಿನಿಗರ್‌ಗೆ, ನಿಂಬೆಹುಳಿಗೆ ಒಳ್ಳೇ ತುಕ್ಕು ಕೆಟ್ಟ ತುಕ್ಕು ಅನ್ನೋ ಭೇದ ಇಲ್ಲ, ಎರಡನ್ನೂ ತಿಂದು ಬೆಳ್ಳಗೆ ಬೋಳು ಕಬ್ಬಿಣ ಬಿಡುತ್ತೆ, ಆಮೇಲೆ ಕೊಡಗಿನ ಒಂದೇ ಮಳೆಗೆ ಮತ್ತೆ ಕೆಂಪು. ನೀವು ತೆಗೀಬೇಕಾದ್ದು ಬಿಳಿ ಬಟ್ಟೆಗೆ ಅಂಟೋ ಕೆಂಪು ಪುಡಿ ಮಾತ್ರ.

ಹೊಲಿಗೆ ಮಷೀನ್ ಎಣ್ಣೆ ಧಾರಾಳ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಗಟ್ಟಿ ಹೊಪ್ಪಳಿಕೆ ಇರೋ ಕಡೆ ತಾಮ್ರದ ಹಳೇ ಕಾಸಿನ ಅಂಚಿಂದ ಕೆರೀರಿ, ತಾಮ್ರ ಕಬ್ಬಿಣಕ್ಕಿಂತ ಮೆತ್ತಗೆ, ಗೀರು ಬೀಳಲ್ಲ. ಉಳಿದದ್ದಕ್ಕೆ ತೀರಾ ಸಣ್ಣ, 0000 ನಂಬರಿನ ಸ್ಟೀಲ್ ವೂಲನ್ನ ಎಣ್ಣೇಲಿ ಅದ್ದಿ ಹಗುರವಾಗಿ ಉಜ್ಜಿ, ಒರೆಸಿ, ನೋಡಿ, ಮತ್ತೆ ಉಜ್ಜಿ. ಎರಡು ಮೂರು ದಿನ ಹಿಡಿಯುತ್ತೆ, ಹಿಡೀಲಿ. ಕೋವಿ ಕುದುರೆ, ಅಂದ್ರೆ ಕೇಪಿನ ಮೇಲೆ ಬಡಿಯೋ ಭಾಗ, ಅದನ್ನ ಬಿಚ್ಚೋಕೆ ಮಾತ್ರ ಹೋಗ್ಬೇಡಿ, ಹಳೇ ಸ್ಕ್ರೂ ತಲೆ ಕಿತ್ತು ಬರುತ್ತೆ.

ನಳಿಗೆ ಮೇಲಿನ ನಂಬರ್, ಮುದ್ರೆ ಇರೋ ಕಡೆ ಬಟ್ಟೆ ಬಿಟ್ಟು ಬೇರೇನೂ ತಾಗಿಸ್ಬೇಡಿ. ಜಮ್ಮಾ ಕೋವಿ (ಕೊಡಗಿನ ಜಮ್ಮಾ ಭೂಮಿ ಹಿಡುವಳಿದಾರರ ಕೋವಿ) ಅಂತ ಲೈಸೆನ್ಸಿನಿಂದ ವಿನಾಯಿತಿ ಇದ್ರೂ, 1959ರ ಆಯುಧ ಕಾಯ್ದೆ ಪ್ರಕಾರ ಆ ಗುರುತು ಅಳಿಸೋದು ಅಪರಾಧ. ಮರದ ಭಾಗಕ್ಕೆ ಕಾಯಿಸಿದ ಅಗಸೆ ಎಣ್ಣೆ ಎರಡೇ ಹನಿ ಅಂಗೈಲಿ ತಿಕ್ಕಿ. ಕೊಬ್ಬರಿ ಎಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತೆ. ಇಷ್ಟಾದ ಮೇಲೂ ಅದನ್ನ ಹಾರಿಸೋ ಯೋಚನೆ ಮಾಡ್ಬೇಡಿ, ಒಳಗಿನ ತುಕ್ಕು ಎಷ್ಟು ತಿಂದಿದೆ ಅಂತ ಹೊರಗಿಂದ ಕಾಣಲ್ಲ.

ಗೋಣಿಚೀಲ ಬಿಸಾಕಿ, ತೇವ ಹಿಡಿದಿಟ್ಟಿದ್ದೇ ಅದು. ಪೂಜೆಗೆ ಖಂಡಿತ ಇಡಿ, ತೋಕ್ ಪೂ, ಅಂದ್ರೆ ಕೋವಿ ಹೂವು, ಮುಡಿಸಿ. ಅವತ್ತು ಸಂಜೆಯೇ ಹೂವು, ಗಂಧ ತೆಗೆದು ಒಣಬಟ್ಟೇಲಿ ಒರೆಸಿ ಎಣ್ಣೆ ಕೈ ಆಡಿಸಿ, ಗಂಧದ ನೀರು ನಿಂತ ಕಡೆ ಮತ್ತೆ ತುಕ್ಕು ಶುರುವಾಗುತ್ತೆ.